ಹೆಬ್ಬೆರಳಿನ ಸಂಸ್ಕಾರ

ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಅಷ್ಟಿಷ್ಟು ಅಭ್ಯಾಸಮಾಡಿ, ಮೂವತ್ತು ವರ್ಷಕ್ಕೂ ಮಿಕ್ಕು ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ವಿಶ್ರಾಂತಿ ಪಡೆದಿರುವವನೊಬ್ಬನು ಮೀನು ಹಿಡಿಯುವ ಗಾಳದ ವಿಷಯವಾಗಿ ಬರೆಯಹೊರಟರೆ ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸುವರು. ಅವರ ಸಮಾಧಾನಕ್ಕಾಗಿ ಮೊದಲೇ ಎರಡು ಮಾತನ್ನು ಅರಿಕೆಮಾಡಿಕೊಳ್ಳುತ್ತೇನೆ. ಗಾಳವು ನಮ್ಮ ಶಾಸ್ತ್ರಗಳಿಗೆ ಅಪರಿಚಿತವಾದ ವಸ್ತುವಲ್ಲ. ಅಮರಕೋಶದ ವಾರಿವರ್ಗವನ್ನು ಓದಿದವರು ‘ಬಡಿಶ’ವೆಂಬ ಪದವನ್ನು ಬಲ್ಲರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂದು ಒಂದು ಪ್ರಕರಣವೇ ಉಂಟು; ಮೀನಿನ ಜಾತಿಗಳನ್ನೂ ಅವಕ್ಕೆ ತಕ್ಕ ಎರೆಗಳನ್ನೂ ಗಾಳ ಹಾಕುವ ಕ್ರಮವನ್ನೂ ಆ ದೊರೆಯು ಸಂಸ್ಕೃತ ಶ್ಲೋಕಗಳಲ್ಲಿ ವಿಸ್ತಾರವಾಗಿ ಹೇಳಿದ್ದಾನೆ. ಇದು ಒಂದು ಮಾತು. ಎರಡನೆಯದು, ನಾನು ಹೇಳಬೇಕೆಂದಿರುವುದು ಮೀನನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ, ಹೊಸದಾಗಿ ಒಂದು ವಿದ್ಯೆಗೆ ಕೈಯಿಡುವ ಬಾಲಕನಿಗೆ ಎಂಥ ಉಪಕರಣವನ್ನು ಕೊಡುವುದು ಯುಕ್ತವೆಂಬ ವಿಚಾರವನ್ನು. ಉಪಾಧ್ಯಾಯನಾಗಿದ್ದವನಿಗೆ ಇದು ಹೊರಗಿನ ವಿಷಯವಾಗಲಾರದಷ್ಟೆ.

ನನ್ನ ಮಗನು ಅಮೆರಿಕದ ಟೆಕ್ಸಸ್ ಸಂಸ್ಥಾನದ ಆಸ್ಟಿನ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ವರ್ಷ ನಾವು ದಂಪತಿಗಳು ಐದು ತಿಂಗಳು ಅವನ ಮನೆಯಲ್ಲಿದ್ದೆವು. ಆ ಊರಿನ ನಡುವೆ ಕೊಲರಾಡೊ ಎಂಬ ನದಿಯು ಹರಿಯುತ್ತದೆ. ಪ್ರಸಿದ್ಧವಾದ ಮಹಾಕಂದರವನ್ನು ಕೊರೆದ ಕೊಲರಾಡೊ ಬೇರೆ, ಇದು ಬೇರೆ. ೧೯೬೦ರಲ್ಲಿ ಈ ನದಿಗೆ ಲಾಂಗ್‌ಹಾರ್ನ್ ಎಂಬ ಅಣೆಕಟ್ಟನ್ನು ಕಟ್ಟಿದ್ದರಿಂದ ಪೇಟೆಯ ಮಧ್ಯದಲ್ಲಿಯೇ ಉದ್ದನೆಯ ಕೆರೆಯಂತೆ ನೀರು ನಿಂತಿದೆ. ಮೊದಲು ಅದಕ್ಕೆ ಟೌನ್ ಲೇಕ್ ಎಂದು ಹೆಸರಿತ್ತು. ೨೦೦೭ರಿಂದ ಲೇಡಿ ಬರ್ಡ್ ಲೇಕ್ ಎಂದು ಕರೆಯುತ್ತಾರೆ. ಅದರ ದಡದಲ್ಲಿ ಬೆಳಗೂ ಬೈಗೂ ಗಾಳದ ಕೋಲನ್ನು ಹಿಡಿದು ನಿಂತ ಜನರನ್ನು ಕಾಣಬಹುದು. ಅವರು ಮುಖ್ಯವಾಗಿ ಅರಸುವುದು ಬಾಸ್ ಎಂಬ ಮೀನನ್ನು. ಹಸುರು ಮೈ, ಪಕ್ಕದಲ್ಲಿ ಕಪ್ಪು ಪಟ್ಟೆ, ಕಣ್ಣಿನಿಂದಾಚೆಗೂ ಸೀಳಿಕೊಂಡು ಹೋಗುವ ದೊಡ್ಡ ಬಾಯಿ, ಇವು ಅದರ ಗುರುತು. ಅದು ನೀರಿನೊಳಗಿನ ಕಳೆಯ ಮರೆಯಲ್ಲಿ ಹೊಂಚಿ ನಿಂತಿದ್ದು ಎರೆಯ ಮೇಲೆ ಥಟ್ಟನೆ ಎರಗುತ್ತದೆ. ಆ ದೇಶದಲ್ಲಿ ಈ ಮೀನಿನ ಮೇಲಣ ಆಸಕ್ತಿಯು ಒಂದು ವ್ಯಸನವೆನ್ನಬಹುದಾದಷ್ಟು ಹರಡಿದೆ.

ನನ್ನ ಮೊಮ್ಮಗನಿಗೆ ಹನ್ನೊಂದು ವರ್ಷ. ಬುದ್ಧಿ ಚುರುಕು, ಆದರೆ ಹಿಡಿದದ್ದನ್ನು ಬಿಡುವುದರಲ್ಲಿಯೂ ಅಷ್ಟೇ ಚುರುಕು. ಪಿಟೀಲನ್ನು ಆರು ತಿಂಗಳು ಕಲಿತು ಬಿಟ್ಟನು. ಚದುರಂಗವನ್ನು ಒಂದು ಬೇಸಗೆ ಆಡಿ ಬಿಟ್ಟನು. ನಾನು ದೂರವಾಣಿಯಲ್ಲಿಯೇ ಹೇಳಿಕೊಡುತ್ತಿದ್ದ ಕನ್ನಡ ಅಕ್ಷರಗಳನ್ನು ಕಾಗುಣಿತದವರೆಗೆ ಕಲಿತು, ಒತ್ತಕ್ಷರಗಳು ಬಂದೊಡನೆ ಕೈಬಿಟ್ಟನು. ಕನ್ನಡವು ಕಿವಿಗೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ನಾನೊಂದು ಕೇಳಿದರೆ ಅವನು ಇಂಗ್ಲಿಷಿನಲ್ಲಿ ಒಂದು ಪದದ ಉತ್ತರ ಕೊಟ್ಟು ಕೋಣೆಗೆ ಹೋಗಿಬಿಡುವನು. ಹೀಗಿರುವಾಗ ಒಂದು ದಿನ ಅವನೇ ತಂದೆಯ ಮುಂದೆ ನಿಂತು, ತನಗೆ ಬೈಟ್‌ಕಾಸ್ಟಿಂಗ್ ರೀಲೂ ಕೋಲೂ ಬೇಕೆಂದನು. ಅವನ ಸಹಪಾಠಿಗಳಿಬ್ಬರಲ್ಲಿ ಅಂಥವು ಇದ್ದುವಂತೆ.

ಮನೆಯಲ್ಲಿ ಮೂರು ಪಕ್ಷಗಳಾದುವು. “ಆ ರೀಲು ದೊಡ್ಡವರಿಗೇ ಬಗ್ಗುವುದಿಲ್ಲವಂತೆ, ನೂಲೆಲ್ಲ ಗೋಜಲಾಗುತ್ತದಂತೆ. ಸುಲಭವಾದ ಸ್ಪಿನ್ನಿಂಗ್ ರೀಲನ್ನು ಕೊಡಿಸುತ್ತೇನೆ ಅಪ್ಪ, ಎರಡು ವಾರದಲ್ಲಿ ಹೇಗೂ ಬಿಟ್ಟುಬಿಡುತ್ತಾನೆ” ಎಂದು ಮಗನ ವಾದ. ಅಂಗಡಿಯಲ್ಲಿ ಎಲ್ಲಕ್ಕಿಂತ ಬೆಲೆಯಾದ, ಎಲ್ಲಕ್ಕಿಂತ ವೇಗವಾಗಿ ಸುತ್ತುವ ರೀಲೇ ಬೇಕೆಂದು ಹುಡುಗನ ಹಟ. “ಮೀನಿನ ಬಾಯಿಗೆ ಕೊಕ್ಕೆ ಚುಚ್ಚುವ ಆಟವನ್ನು ಮಗುವಿಗೆ ಕಲಿಸುತ್ತೀರಾ?” ಎಂದು ನನ್ನ ಮನೆಯವಳ ಪ್ರಶ್ನೆ. ಕಡೆಗೆ ಮೂವರೂ ನನ್ನ ಕಡೆಗೆ ತಿರುಗಿದರು. ಗಾಳವನ್ನು ಕೈಯಲ್ಲಿ ಮುಟ್ಟದವನಾದ ನಾನು ಪಕ್ಷಪಾತವಿಲ್ಲದವನೆಂದು ಅವರು ಭಾವಿಸಿದ್ದಿರಬಹುದು. ನನಗಾದರೋ ಬೇರೊಂದು ಚಿಂತೆ. ಹುಡುಗನು ತಾನಾಗಿ ಬೇಡಿದ ವಿದ್ಯೆ ಇದೊಂದೇ. ಇದೂ ಕೈಬಿಟ್ಟುಹೋದರೆ, ತನ್ನಿಂದ ಯಾವುದೂ ಆಗುವುದಿಲ್ಲವೆಂಬ ನಂಬಿಕೆ ಅವನ ಮನಸ್ಸಿನಲ್ಲಿ ಬೇರೂರುವುದು. ಅಂಥ ನಂಬಿಕೆಯು ಒಮ್ಮೆ ಬೇರೂರಿದ ಮಕ್ಕಳನ್ನು ನಾನು ಶಾಲೆಯಲ್ಲಿ ನೋಡಿದ್ದೇನೆ. ಅದನ್ನು ಕೀಳುವುದು ಬಹಳ ಕಷ್ಟ. ಆದಕಾರಣ ನಾಲ್ಕು ದಿನದ ಅವಧಿಯನ್ನು ಕೇಳಿ ಆ ಯಂತ್ರದ ಸ್ವರೂಪವನ್ನು ವಿಚಾರಿಸತೊಡಗಿದೆನು. ಪಕ್ಕದ ಮನೆಯಲ್ಲಿ ಶಾಲೆಯೊಂದರಲ್ಲಿ ಬಡಗಿಯ ಕೆಲಸವನ್ನು ಕಲಿಸಿ ನಿವೃತ್ತರಾದ ವೃದ್ಧರೊಬ್ಬರಿದ್ದರು. ಅರುವತ್ತು ವರ್ಷದಿಂದ ಗಾಳ ಹಾಕಿದವರು. ಅವರು ನನಗೆ ಗುರುಗಳಾದರು.

ಈ ರೀಲಿನ ಹುಟ್ಟು ಸ್ವಾರಸ್ಯವಾದುದು. ೧೯ನೆಯ ಶತಮಾನದ ಆದಿಯಲ್ಲಿ ಅಮೆರಿಕದ ಕೆಂಟಕಿ ಪ್ರಾಂತದ ಪ್ಯಾರಿಸ್ ಎಂಬ ಊರಿನಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರದ ಕೆಲಸಗಾರನಿದ್ದನು. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ನೂಲಿನ ಉರುಳೆಯು ಹಲವು ಸುತ್ತು ತಿರುಗುವಂತೆ ಹಲ್ಲುಗಾಲಿಗಳನ್ನು ಜೋಡಿಸಿ, ಬಾಸ್ ಮೀನಿಗಾಗಿ ರೀಲನ್ನು ಮಾಡಿದವನು ಅವನು. ಅವನ ತರುವಾಯ ಅದೇ ಪ್ರಾಂತದ ಫ್ರಾಂಕ್‌ಫರ್ಟಿನಲ್ಲಿ ಮೀಕ್ ಸೋದರರು ಇದನ್ನು ಕುಶಲ ಕಲೆಯಾಗಿ ಬೆಳೆಸಿದರು. ಅವರದೂ ಗಡಿಯಾರದ ಕಸುಬೇ. ನೂಲು ಉರುಳೆಯ ಮೇಲೆ ಒಂದೇ ಕಡೆ ಗುಡ್ಡೆಯಾಗದೆ ಅತ್ತಿಂದಿತ್ತ ಸಮವಾಗಿ ಸುತ್ತಿಕೊಳ್ಳುವ ಸಾಧನವನ್ನು ೧೯ನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ತಂದವನು ಮಿಷಿಗನ್ ಪ್ರಾಂತದ ಕಲಮಜೂವಿನ ವಿಲಿಯಂ ಷೇಕ್ಸ್‌ಪಿಯರ್; ನಾಟಕಗಳನ್ನು ಬರೆದವನೆಂದು ವಾಚಕರು ಭ್ರಮಿಸಬಾರದು, ಹೆಸರೊಂದೇ ಸಮಾನ. ಸ್ವೀಡನ್ ದೇಶದ ಸ್ವೆಂಗ್‌ಸ್ಟಾದಲ್ಲಿ ೧೯೨೧ರಲ್ಲಿ ಆರಂಭವಾದ ಆಬು ಎಂಬ ಕಾರ್ಖಾನೆಯು ಮೊದಲು ಗಡಿಯಾರಗಳನ್ನೂ ಆಮೇಲೆ ಬಾಡಿಗೆ ಮೋಟಾರಿನ ಮೀಟರುಗಳನ್ನೂ ಮಾಡುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ವ್ಯಾಪಾರವು ಕುಂದಲಾಗಿ ರೀಲುಗಳನ್ನು ಮಾಡಲು ತೊಡಗಿ ಪ್ರಸಿದ್ಧವಾಯಿತು. ಹೀಗೆ ಈ ಯಂತ್ರದ ವಂಶವೃಕ್ಷದಲ್ಲಿ ಎಲ್ಲಿ ನೋಡಿದರೂ ಗಡಿಯಾರದವರೇ ಕಾಣುತ್ತಾರೆ. ಸೂಕ್ಷ್ಮವಾದ ಗತಿಯನ್ನು ಅಂಕೆಯಲ್ಲಿಡುವುದು ಎರಡಕ್ಕೂ ಸಾಮಾನ್ಯವಾದ ಧರ್ಮ.

ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಉರುಳೆಯು ಅಲುಗದೆ ನಿಂತಿರುತ್ತದೆ. ನೂಲು ಅದರ ತುದಿಯಿಂದ ಸುರುಳಿಸುರುಳಿಯಾಗಿ ಬಿಚ್ಚಿಕೊಂಡು ಹೋಗುತ್ತದೆ. ಬೈಟ್‌ಕಾಸ್ಟಿಂಗ್ ರೀಲಿನಲ್ಲಿ ಹಾಗಲ್ಲ. ಹಾರುವ ಎರೆಯು ನೂಲನ್ನು ಸೆಳೆದಂತೆ ಉರುಳೆಯೇ ಗಿರ್ರನೆ ತಿರುಗಬೇಕು. ಎರೆಯ ವೇಗವು ಗಾಳಿಯಲ್ಲಿ ತಗ್ಗುತ್ತ ಬಂದರೂ ಉರುಳೆಯು ತಾನು ಹಿಡಿದ ವೇಗವನ್ನು ಬಿಡದು. ಎರೆಯು ನೀರಿಗೆ ಬಿದ್ದು ನಿಂತರೂ ಅದು ನಿಲ್ಲದು. ಗಾಳಿಪಟವು ಹಠಾತ್ತನೆ ಬಾಗಿದಾಗ ಹುಡುಗರ ಕೈಯಲ್ಲಿ ದಾರದ ಉರುಳೆಯು ಸುತ್ತುತ್ತಲೇ ಇದ್ದು ದಾರವನ್ನೆಲ್ಲ ಉಗುಳುವುದನ್ನು ನೋಡಿದವರಿಗೆ ಇದು ತಿಳಿಯುವುದು. ಬೇಡದೆ ಹೊರಬಂದ ನೂಲು ಒಂದರಮೇಲೊಂದು ತೊಡಕಿಕೊಂಡು ಕ್ಷಣಾರ್ಧದಲ್ಲಿ ಗೋಜಲಾಗುತ್ತದೆ. ಆ ದೇಶದವರು ಅದನ್ನು ಹಕ್ಕಿಯ ಗೂಡೆನ್ನುತ್ತಾರೆ. ಕಣ್ಣಾರೆ ನೋಡಿದವನು ಆ ಹೆಸರನ್ನು ಒಪ್ಪಲೇಬೇಕು. ಇದನ್ನು ತಡೆಯುವ ಪರಮಸಾಧನವು ಎಸೆಯುವವನ ಹೆಬ್ಬೆರಳು. ತಿರುಗುವ ಉರುಳೆಯ ಮೇಲೆ ಅದನ್ನು ಗರಿಯಂತೆ ಹಗುರವಾಗಿ ತಾಗಿಸಿದ್ದು, ಎರೆಯು ನೀರನ್ನು ಮುಟ್ಟುವ ಕ್ಷಣದಲ್ಲಿ ಒತ್ತಿ ನಿಲ್ಲಿಸಬೇಕು. ಇಷ್ಟು ಕಷ್ಟವಾದರೆ ಜನರು ಇದನ್ನು ಏಕೆ ಬಯಸುತ್ತಾರೆಂದು ನಾನು ಕೇಳಿದೆನು. ತೂಕವಾದ ಎರೆಯನ್ನೂ ದಪ್ಪ ನೂಲನ್ನೂ ಇದು ತಾಳುತ್ತದೆ, ಕಳೆಯೊಳಗಿಂದ ಮೀನನ್ನು ಸೆಳೆಯಲು ಬಲವುಂಟು, ಎರೆಯನ್ನು ಬೇಕಾದ ಜಾಗದಲ್ಲಿಯೇ ಇಳಿಸಬಹುದು ಎಂದು ನೆರೆಮನೆಯವರು ಹೇಳಿ, ಸ್ವಲ್ಪ ಸುಮ್ಮನಿದ್ದು, “ಕೈ ಕಲಿತದ್ದು ಗೊತ್ತಾಗುವುದು ಇದರಲ್ಲಿಯೇ” ಎಂದು ಸೇರಿಸಿದರು.

ಅವರ ಮಾತನ್ನು ಕೇಳುತ್ತಿದ್ದಾಗ ನನಗೆ ಅನ್ನಂಭಟ್ಟನ ತರ್ಕಸಂಗ್ರಹವು ನೆನಪಾಯಿತು. ಸಂಸ್ಕಾರವೆಂಬ ಗುಣವು ಮೂರು ವಿಧವೆಂದು ಬಾಲ್ಯದಲ್ಲಿ ಕಲಿತಿದ್ದೆವು: ವೇಗ, ಭಾವನಾ, ಸ್ಥಿತಿಸ್ಥಾಪಕ. ಚಲಿಸುವ ವಸ್ತುವನ್ನು ಮುಂದಕ್ಕೆ ನಡೆಸುತ್ತಲೇ ಇರುವುದು ವೇಗ. ಬಾಗಿಸಿದ ವಸ್ತುವನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವುದು ಸ್ಥಿತಿಸ್ಥಾಪಕ. ಅನುಭವದಿಂದ ಹುಟ್ಟಿ ಸ್ಮೃತಿಗೆ ಕಾರಣವಾಗುವುದು ಭಾವನೆ. ಅದು ಆತ್ಮನಲ್ಲಿ ಮಾತ್ರ ಇರತಕ್ಕದ್ದು. ಐವತ್ತು ವರ್ಷದ ಕೆಳಗೆ ಉರುಹೊಡೆದಿದ್ದ ಈ ವಿಭಾಗವು ಗಾಳದಲ್ಲಿ ಇಡಿಯಾಗಿ ಕಾಣಿಸಿತು. ಉರುಳೆಯಲ್ಲಿರುವುದು ವೇಗ, ಕೋಲಿನಲ್ಲಿರುವುದು ಸ್ಥಿತಿಸ್ಥಾಪಕ, ಕಲಿಯುವ ಹುಡುಗನಲ್ಲಿ ಹುಟ್ಟಬೇಕಾದದ್ದು ಭಾವನೆ. ಮೊದಲಿನ ಎರಡನ್ನು ಅಂಗಡಿಯಲ್ಲಿ ಕೊಳ್ಳಬಹುದು, ಮೂರನೆಯದನ್ನು ಕೊಳ್ಳಲಾಗದು. ಆದಕಾರಣ ಮೂರನೆಯದು ಹುಟ್ಟುವುದಕ್ಕೆ ಎಡೆಗೊಡುವಂತೆ ಮೊದಲಿನ ಎರಡನ್ನು ಆರಿಸಬೇಕು. ಈ ಸೂತ್ರವು ದೊರೆತ ಮೇಲೆ ಉಳಿದುದೆಲ್ಲ ವ್ಯಾಖ್ಯಾನದಂತೆ ಸುಲಭವಾಯಿತು.

ಮಗನ ಪಕ್ಷವನ್ನು ನಾನು ಒಪ್ಪಲಿಲ್ಲ. ಸ್ಪಿನ್ನಿಂಗ್ ರೀಲು ಒಳ್ಳೆಯದೇ. ಹಗುರವಾದ ಎರೆಗೆ ಅದೇ ಮೇಲು. ಆದರೆ ಹುಡುಗನು ಬೇಡಿದ್ದು ಹೆಬ್ಬೆರಳಿನ ವಿದ್ಯೆಯನ್ನು. ಅದರಲ್ಲಿ ಹೆಬ್ಬೆರಳಿಗೆ ಆ ಕೆಲಸವಿಲ್ಲ. ಹುಡುಗನ ಪಕ್ಷವನ್ನೂ ಒಪ್ಪಲಿಲ್ಲ. ಸಿದ್ಧಾಂತಕೌಮುದಿಯು ದೊಡ್ಡ ಗ್ರಂಥವೆಂದು ಅಮರವನ್ನೇ ಮುಗಿಸದ ಬಾಲಕನಿಗೆ ಅದನ್ನು ಕೊಡುವರೆ? ಭಟ್ಟೋಜಿ ದೀಕ್ಷಿತರ ಶಿಷ್ಯನಾದ ವರದರಾಜನು ಲಘುಕೌಮುದಿಯನ್ನು ಬರೆದುದು ಇದಕ್ಕಾಗಿಯೇ. ಅದರಲ್ಲಿರುವುದು ಅದೇ ಶಾಸ್ತ್ರ, ಅದೇ ಪಾಣಿನಿಯ ಸೂತ್ರಗಳು. ಭಾರ ಮಾತ್ರ ಕಡಮೆ. ಹೊಸಬನಿಗೆ ಬೇಕಾದ ರೀಲೂ ಅಂಥದಾಗಿರಬೇಕು.

ಇನ್ನು ರೀಲಿನ ಲಕ್ಷಣಗಳು. ಆಕಾರದಲ್ಲಿ ಗುಂಡಗಿನ ರೀಲುಗಳೂ ತಗ್ಗಾದ ರೀಲುಗಳೂ ಉಂಟು. ಗುಂಡಗಿನವು ಹೆಚ್ಚು ನೂಲನ್ನು ಹಿಡಿಯುವುವು, ದೊಡ್ಡ ಮೀನಿಗೆ ತಕ್ಕುವು. ಚಿಕ್ಕ ಕೈಗೆ ಅವುಗಳ ಹಿಡಿತ ಸಿಕ್ಕುವುದಿಲ್ಲ. ಅಂಗೈಯಲ್ಲಿ ಅಡಗುವ ತಗ್ಗಾದ ರೀಲೇ ಬಾಲಕನಿಗೆ ಸರಿ. ಎರಡನೆಯದು ತಡೆ. ಉರುಳೆಯ ವೇಗವನ್ನು ತಾನಾಗಿ ತಗ್ಗಿಸುವ ಏರ್ಪಾಡು ಎರಡು ಬಗೆ. ಒಂದರಲ್ಲಿ ಉರುಳೆಯು ತಿರುಗಿದಂತೆ ಸಣ್ಣ ತುಂಡುಗಳು ಹೊರಕ್ಕೆ ಸರಿದು ಸುತ್ತಣ ಬಳೆಗೆ ಉಜ್ಜುವುವು. ಇದನ್ನು ಹೆಚ್ಚುಕಡಮೆ ಮಾಡಲು ಸಾಮಾನ್ಯವಾಗಿ ಪಕ್ಕದ ಮುಚ್ಚಳವನ್ನು ತೆಗೆಯಬೇಕು. ಇನ್ನೊಂದರಲ್ಲಿ ಅಯಸ್ಕಾಂತಗಳಿರುತ್ತವೆ. ಅಯಸ್ಕಾಂತವು ಅಲ್ಯೂಮಿನಿಯಮನ್ನು ಸೆಳೆಯದೆಂದು ನಾವು ಬಲ್ಲೆವು. ಆದರೂ ಆ ಲೋಹದ ಉರುಳೆಯು ಅಯಸ್ಕಾಂತದ ಬಳಿ ತಿರುಗುವಾಗ ಅದರೊಳಗೆ ವಿದ್ಯುತ್ತಿನ ಸುಳಿಗಳು ಹುಟ್ಟಿ ತಮ್ಮನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತವೆ. ಲೆಂಟ್ಸ್ ಎಂಬ ವಿಜ್ಞಾನಿಯು ೧೮೩೪ರಲ್ಲಿ ಹೇಳಿದ ನಿಯಮ ಇದಕ್ಕೆ ಆಧಾರ. ಉರುಳೆಯನ್ನು ಮುಟ್ಟದೆಯೇ ಹಿಡಿಯುವ ತಡೆಯಿದು. ಉರುಳೆಯು ಹೆಚ್ಚು ತಿರುಗಿದಷ್ಟೂ ಹೆಚ್ಚು ತಡೆಯುತ್ತದೆ. ಹೊರಗೆ ಅಂಕಿಗಳನ್ನು ಬರೆದ ಒಂದು ಬಿಲ್ಲೆಯಿದ್ದು, ಅದನ್ನು ತಿರುಗಿಸಿದರೆ ತಡೆಯು ಏರುವುದು ಇಳಿಯುವುದು. ಹೊಸಬನಿಗೆ ಈ ಬಿಲ್ಲೆಯುಳ್ಳ ರೀಲೇ ಉತ್ತಮವೆಂದು ನಿಶ್ಚಯಿಸಿದೆವು. ಏಕೆಂದರೆ ಅವನು ಕಲಿತಂತೆಲ್ಲ ಯಂತ್ರದ ಪಾಲನ್ನು ತಗ್ಗಿಸಿ ಹೆಬ್ಬೆರಳಿನ ಪಾಲನ್ನು ಹೆಚ್ಚಿಸಬಹುದು. ಎಷ್ಟು ಕಲಿತೆನೆಂಬುದು ಅಂಕಿಯಲ್ಲಿಯೇ ಕಾಣುವುದು.

ಮೂರನೆಯದು ಹಲ್ಲುಗಾಲಿಯ ಪ್ರಮಾಣ. ಹಿಡಿಯ ಒಂದು ಸುತ್ತಿಗೆ ಉರುಳೆಯು ಐದು ಸುತ್ತಿನಿಂದ ಎಂಟು ಸುತ್ತಿಗೂ ಮೇಲ್ಪಟ್ಟು ತಿರುಗುವ ರೀಲುಗಳಿವೆ. ಹುಡುಗನು ಬಯಸಿದುದು ಎಂಟರದನ್ನು. ಅದು ನೂಲನ್ನು ಬೇಗ ಒಳಕ್ಕೆ ಸೆಳೆಯುತ್ತದೆ, ನಿಜ. ಆದರೆ ಹೊಸಬನು ಎರೆಯನ್ನು ನೀರಿನಲ್ಲಿ ಅವಸರದಿಂದ ಓಡಿಸಿಬಿಡುತ್ತಾನೆ. ಆರರಿಂದ ಏಳರೊಳಗಿನ ಪ್ರಮಾಣವು ಎಲ್ಲ ಬಗೆಯ ಎರೆಗೂ ಒಗ್ಗುತ್ತದೆ. ನಾಲ್ಕನೆಯದು ಹಿಡಿಯಿರುವ ಪಕ್ಕ. ಸ್ಪಿನ್ನಿಂಗ್ ರೀಲಿನಲ್ಲಿ ಹಿಡಿಯನ್ನು ಬಿಚ್ಚಿ ಎಡಕ್ಕೋ ಬಲಕ್ಕೋ ಹಾಕಿಕೊಳ್ಳಬಹುದು; ಇದರಲ್ಲಿ ಆಗದು, ಕೊಳ್ಳುವಾಗಲೇ ನಿಶ್ಚಯಿಸಬೇಕು. ಬಲಗೈಯಿಂದ ಎಸೆಯುವವನು ಎಸೆದ ಮೇಲೆ ಕೋಲನ್ನು ಕೈಬದಲಿಸದೆ ಇರಬೇಕಾದರೆ ಎಡಗಡೆ ಹಿಡಿಯುಳ್ಳದ್ದನ್ನು ಕೊಳ್ಳಬೇಕು. ಇನ್ನು, ಡಬ್ಬಿಯ ಮೇಲೆ ಇಷ್ಟು ಬೇರಿಂಗುಗಳಿವೆಯೆಂದು ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಿರುತ್ತಾರೆ. ಒಳ್ಳೆಯ ಬೇರಿಂಗುಗಳು ನಾಲ್ಕೈದಿದ್ದರೆ ಸಾಕು; ಸಂಖ್ಯೆಯಿಂದ ಗುಣವು ನಿರ್ಣಯವಾಗುವುದಿಲ್ಲ. ಬೆಲೆಯ ವಿಷಯದಲ್ಲಿ ಮಧ್ಯಮಮಾರ್ಗವೇ ಶ್ರೇಯಸ್ಕರ. ತೀರ ಅಗ್ಗವಾದುದರಲ್ಲಿ ತಡೆಯು ಒಂದೇ ಸಮನಾಗಿರುವುದಿಲ್ಲವಾದ್ದರಿಂದ ದೋಷವು ಕೈಯದೋ ಯಂತ್ರದ್ದೋ ಹುಡುಗನಿಗೆ ತಿಳಿಯದು. ಇದು ಕಲಿಯುವವನಿಗೆ ಆಗುವ ದೊಡ್ಡ ಅನ್ಯಾಯ.

ಕೋಲಿನ ವಿಚಾರಕ್ಕೆ ಬರೋಣ. ಈ ರೀಲನ್ನು ಕೋಲಿನ ಮೇಲುಗಡೆ ಕೂರಿಸುತ್ತಾರೆ; ನೂಲು ಹಾಯುವ ಉಂಗುರಗಳೂ ಮೇಲುಗಡೆಯೇ ಇರುವುವು; ಕೆಳಗಡೆ ಬೆರಳಿಗೆ ಆನಿಕೆಯಾಗಿ ಬಂದೂಕದ ಕುದುರೆಯಂತೆ ಒಂದು ಕೊಕ್ಕು ಇರುತ್ತದೆ. ಸ್ಪಿನ್ನಿಂಗ್ ರೀಲಿನ ಕೋಲಿಗೆ ಇದನ್ನು ಕಟ್ಟಬಾರದು. ಕೋಲಿನ ಸ್ಥಿತಿಸ್ಥಾಪಕವು ಹುಡುಗನ ತೋಳಿಗೆ ತಕ್ಕಂತಿರಬೇಕು. ಬಹಳ ಬಿರುಸಾದ ಕೋಲು ಹಗುರವಾದ ಎರೆಗೆ ಬಾಗುವುದೇ ಇಲ್ಲ. ಬಾಗದಿದ್ದರೆ ಎರೆಯನ್ನು ಚಿಮ್ಮುವುದೂ ಇಲ್ಲ. ಆಗ ಹುಡುಗನು ತೋಳಿನ ಬಲವನ್ನೆಲ್ಲ ಹಾಕಿ ಬೀಸುತ್ತಾನೆ, ಉರುಳೆಯು ಹುಚ್ಚೆದ್ದು ತಿರುಗಿ ಗೋಜಲಾಗುತ್ತದೆ. ದೊಡ್ಡವರಿಗೆ ಏಳಡಿಯ, ಮಧ್ಯಮಕ್ಕಿಂತ ತುಸು ಬಿರುಸಾದ ಕೋಲನ್ನು ಹೇಳುವುದು ವಾಡಿಕೆ. ನಾವು ಹುಡುಗನಿಗೆ ಆರೂವರೆ ಅಡಿಯ, ಮಧ್ಯಮ ಬಲದ ಕೋಲನ್ನು ಆರಿಸಿದೆವು. ಎಷ್ಟು ತೂಕದ ಎರೆಗೆ ಆ ಕೋಲು ತಕ್ಕುದೆಂದು ಹಿಡಿಯ ಬಳಿಯಲ್ಲಿ ಬರೆದೇ ಇರುತ್ತದೆ; ಅದನ್ನು ಓದಿಯೇ ಕೊಳ್ಳಬೇಕು. ಕಲಿಯುವಾಗ ಎರೆಯು ತೀರ ಹಗುರವಾಗಿರಕೂಡದು. ೧೦ರಿಂದ ೧೪ ಗ್ರಾಮಿನವರೆಗೆ ಇದ್ದರೆ ಉರುಳೆಯನ್ನು ಚೆನ್ನಾಗಿ ಸೆಳೆಯುವುದು.

ನೂಲಿನಲ್ಲಿಯೂ ಮೂರು ಜಾತಿ. ಹೆಣೆದ ನೂಲು ಬಲವಾದುದು, ಆದರೆ ಗೋಜಲಾದರೆ ತನ್ನಲ್ಲಿ ತಾನೇ ಹೂತುಕೊಂಡು ಬಿಡಿಸಲು ಬಾರದು. ಫ್ಲೋರೋಕಾರ್ಬನ್ ನೂಲು ನೀರಿನಲ್ಲಿ ಹೆಚ್ಚು ಕಾಣದು, ಆದರೆ ಸೆಟೆದುಕೊಂಡಿರುವುದು. ಒಂಟಿ ಎಳೆಯ ನೈಲಾನು ಮೆತ್ತಗಿನದು, ಬೆಲೆಯೂ ಕಡಮೆ. ಬಿಡಿಸಲಾಗದ ಗೋಜಲನ್ನು ಕತ್ತರಿಸಿ ಬಿಸುಟರೆ ಮನಸ್ಸಿಗೆ ನೋವಿಲ್ಲ. ೧೨ ಪೌಂಡು ಸೆಳೆತವನ್ನು ತಡೆಯುವ ನೈಲಾನನ್ನು ಕೊಂಡೆವು. ಉರುಳೆಯ ಅಂಚಿನವರೆಗೂ ತುಂಬದೆ ಮೂರು ಮಿಲಿಮೀಟರಿನಷ್ಟು ಬಿಡಬೇಕೆಂದು ನೆರೆಮನೆಯವರು ಎಚ್ಚರಿಸಿದರು.

ಕೊಂಡುತಂದ ದಿನವೇ ಹುಡುಗನು ಕೆರೆಗೆ ಹೊರಟನು. ಅವರು ಬಿಡಲಿಲ್ಲ. ಕೊಕ್ಕೆಯಿಲ್ಲದ ಒಂದು ತೂಕದ ಗುಂಡನ್ನು ನೂಲಿಗೆ ಕಟ್ಟಿ, ಮನೆಯ ಹಿಂದಣ ಹುಲ್ಲಿನ ಮೇಲೆ ಒಂದು ತೊಟ್ಟಿಯನ್ನು ಇಟ್ಟು, ಅದರೊಳಕ್ಕೆ ಎಸೆಯುವುದನ್ನು ಮೊದಲು ಕಲಿ ಎಂದರು. ಮೊದಲು ಉರುಳೆಯ ಪಕ್ಕದ ತಿರುಪನ್ನು ಸರಿಪಡಿಸುವುದು: ಹೆಬ್ಬೆರಳಿನ ಬಳಿಯ ಗುಂಡಿಯನ್ನು ಒತ್ತಿ ಬಿಟ್ಟಾಗ ಎರೆಯು ಧುಮುಕದೆ ಮೆಲ್ಲಮೆಲ್ಲನೆ ಇಳಿದು, ಅದು ನೆಲವನ್ನು ಮುಟ್ಟಿದೊಡನೆ ಉರುಳೆಯೂ ನಿಲ್ಲಬೇಕು. ಎರೆಯನ್ನು ಬದಲಾಯಿಸಿದಾಗಲೆಲ್ಲ ಇದನ್ನು ಮತ್ತೆ ಮಾಡತಕ್ಕದ್ದು. ಆಮೇಲೆ ಅಯಸ್ಕಾಂತದ ಬಿಲ್ಲೆಯನ್ನು ಹತ್ತರಲ್ಲಿ ಎಂಟಕ್ಕೋ ಒಂಬತ್ತಕ್ಕೋ ಇಟ್ಟು, ಗಾಳಿಯು ಬೆನ್ನ ಹಿಂದಿರುವಂತೆ ನಿಂತು, ಬೀಸದೆ ಹಗುರವಾಗಿ ಚಿಮ್ಮುವುದು. ದೂರವನ್ನು ಬಯಸಬಾರದು. ಹತ್ತು ಎಸೆತ ಗೋಜಲಿಲ್ಲದೆ ಸಾಗಿದರೆ ಬಿಲ್ಲೆಯನ್ನು ಒಂದಂಕಿ ಇಳಿಸುವುದು. ಮತ್ತೆ ಗೋಜಲಾಗತೊಡಗಿದರೆ ಒಂದಂಕಿ ಏರಿಸುವುದು. ಇದಿಷ್ಟೇ ಅವರ ಪಾಠಕ್ರಮ. ಇದಕ್ಕಿಂತ ಸರಳವಾದ ಪಠ್ಯವನ್ನು ನಾನು ನನ್ನ ವೃತ್ತಿಯಲ್ಲಿ ಕಂಡಿರಲಿಲ್ಲ.

ಆದರೂ ಗೋಜಲು ಆಯಿತು. ಮೊದಲ ದಿನ ಹುಡುಗನು ಕೋಲನ್ನು ಹುಲ್ಲಿನ ಮೇಲೆ ಎಸೆದು ಒಳಕ್ಕೆ ಹೋದನು. ನಾನು ಏನೂ ಹೇಳದೆ ಅಲ್ಲಿಯೇ ಕುರ್ಚಿಯಲ್ಲಿ ಕುಳಿತು, ಜನಿವಾರದ ಸಿಕ್ಕನ್ನು ಬಿಡಿಸಿ ಅಭ್ಯಾಸವಾಗಿದ್ದ ಬೆರಳುಗಳಿಂದ ನೂಲನ್ನು ಬಿಡಿಸತೊಡಗಿದೆನು. ಎಳೆದರೆ ಸಿಕ್ಕು ಬಿಗಿಯುತ್ತದೆ. ಸಡಿಲಿಸಿ, ಯಾವ ಕುಣಿಕೆಯು ಮೇಲಿದೆಯೆಂದು ನೋಡಿ, ಅದೊಂದನ್ನೇ ಎತ್ತಬೇಕು. ಕಾಲು ಗಂಟೆಯ ಮೇಲೆ ಹುಡುಗನು ಬಂದು ಪಕ್ಕದಲ್ಲಿ ಕುಳಿತನು. ಮಾರನೆಯ ದಿನವೂ ಹಾಗೆಯೇ ಆಯಿತು. ಸಿಕ್ಕು ಬಿಡಿಸುವಾಗ ನಾಲ್ಕು ಕೈಗೂ ಕೆಲಸ, ಕಣ್ಣಿಗೂ ಕೆಲಸ. ಬಾಯಿಗೆ ಮಾತ್ರ ಬಿಡುವು. “ಅಜ್ಜ, ಇದನ್ನು ಹಿಡಿ”, “ಅಲ್ಲ ಅಜ್ಜ, ಕೆಳಗಿಂದ”, “ಸ್ವಲ್ಪ ಸಡಿಲ ಮಾಡು” ಎಂದು ಅವನ ಬಾಯಿಯಿಂದ ಕನ್ನಡವು ತಾನಾಗಿ ಬಂದಿತು. ಎಳೆ, ಕುಣಿಕೆ, ಗಂಟು, ಸಿಕ್ಕು, ಉರುಳೆ, ಎರೆ ಮೊದಲಾದ ಮಾತುಗಳನ್ನು ನಾನು ಕಲಿಸಲಿಲ್ಲ, ಅವನೇ ಎತ್ತಿಕೊಂಡನು. ಮುಂದಿನ ವಾರ ಶಾಲೆಯ ಸುದ್ದಿಯೂ ಬಂದಿತು. ತಾನು ಪಿಟೀಲನ್ನು ಬಿಟ್ಟುದು ಏಕೆಂಬುದೂ ಬಂದಿತು. ಉಳಿದವರೆಲ್ಲ ಮುಂದೆ ಹೋದರು, ತನ್ನ ಅಪಸ್ವರವು ಎಲ್ಲರಿಗೂ ಕೇಳುತ್ತಿತ್ತು ಎಂದನು. ಮನೆಯಲ್ಲಿ ಆ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ.

ಕಲಿಯುವ ಮಗುವು ವಿದ್ಯೆಯನ್ನು ಬಿಡುವುದು ಕಷ್ಟಕ್ಕೆ ಹೆದರಿ ಎಂದು ನಾವು ತಿಳಿದಿರುತ್ತೇವೆ. ಬಹುಮಟ್ಟಿಗೆ ಅದು ಬಿಡುವುದು ನಾಚಿಕೆಗೆ ಹೆದರಿ. ಹುಲ್ಲಿನ ಮೇಲೆ ಆದ ಗೋಜಲನ್ನು ನೋಡಿದವರು ನಾವಿಬ್ಬರೇ. ಅದಕ್ಕೆ ದಂಡವಿಲ್ಲ, ಬಿಡಿಸಿದರೆ ಮುಗಿಯಿತು. ಹೊಸಬನಿಗೆ ತಕ್ಕ ಉಪಕರಣವೆಂದರೆ ತಪ್ಪನ್ನು ಆಗಗೊಡದ ಉಪಕರಣವೆಂದು ಅಂಗಡಿಯವರು ಹೇಳುತ್ತಾರೆ. ನನಗೆ ತೋರುವುದು ಬೇರೆ. ತಪ್ಪು ಚಿಕ್ಕದಾಗಿ ಆಗುವಂತೆ, ಆದುದು ಕಣ್ಣಿಗೆ ಕಾಣುವಂತೆ, ಕಂಡುದನ್ನು ಕೈಯಿಂದ ಸರಿಪಡಿಸಲು ಬರುವಂತೆ ಮಾಡುವುದೇ ತಕ್ಕ ಉಪಕರಣ. ಅನುಭವವಿಲ್ಲದೆ ಭಾವನಾಸಂಸ್ಕಾರವು ಹುಟ್ಟದೆಂದು ತಾರ್ಕಿಕರು ಹೇಳಿದ್ದು ಹೆಬ್ಬೆರಳಿಗೂ ಸಲ್ಲುತ್ತದೆ. ಮೂರನೆಯ ವಾರದ ಕೊನೆಗೆ ಬಿಲ್ಲೆಯು ಆರಕ್ಕೆ ಇಳಿದಿತ್ತು. ಹತ್ತರಲ್ಲಿ ಏಳು ಎಸೆತವು ತೊಟ್ಟಿಯ ಬಳಿಯಲ್ಲಿಯೇ ಬೀಳುತ್ತಿತ್ತು.

ಇಷ್ಟಾದರೂ ನನ್ನ ಮನೆಯವಳ ಪ್ರಶ್ನೆಯು ಉಳಿದೇ ಇತ್ತು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಮೇಲೆ ಕುಳಿತು ದೇವರ ಮೀನುಗಳಿಗೆ ಮಂಡಕ್ಕಿಯನ್ನು ಹಾಕಿ ಬೆಳೆದವರು ನಾವು. ಅಲ್ಲಿ ಮೀನು ಕೈಯ ಬಳಿಗೇ ಬರುತ್ತದೆ. ಕೊಕ್ಕೆಯನ್ನು ಕಲ್ಪಿಸಿಕೊಳ್ಳುವುದೂ ಪಾಪವೆನಿಸುತ್ತದೆ. ಟೆಕ್ಸಸ್ಸಿನಲ್ಲಿ ಮೀನು ಹಿಡಿಯುವುದಕ್ಕೆ ಕಟ್ಟುಪಾಡುಗಳಿವೆ. ೧೭ ವರ್ಷದೊಳಗಿನವರಿಗೆ ಪರವಾನಗಿ ಬೇಡ, ದೊಡ್ಡವರಿಗೆ ಬೇಕು. ಸಾಮಾನ್ಯ ನಿಯಮದಂತೆ ೧೪ ಅಂಗುಲಕ್ಕಿಂತ ಚಿಕ್ಕದಾದ ದೊಡ್ಡಬಾಯಿ ಬಾಸನ್ನು ಇಟ್ಟುಕೊಳ್ಳಕೂಡದು, ದಿನಕ್ಕೆ ಐದಕ್ಕಿಂತ ಹೆಚ್ಚು ಕೂಡದು. ಅನೇಕರು ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರೆ. ಆದರೆ ಬಿಟ್ಟರೂ ನೋವು ನೋವೇ ಅಲ್ಲವೆ ಎಂದು ಅವಳು ಕೇಳಿದಳು. ಇದಕ್ಕೆ ಸಮರ್ಪಕವಾದ ಉತ್ತರವು ನನ್ನಲ್ಲಿರಲಿಲ್ಲ, ಈಗಲೂ ಇಲ್ಲ. ಹುಡುಗನನ್ನು ಕೂರಿಸಿ ಮೂವರೂ ಮಾತನಾಡಿದೆವು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ನಯಮಾಡುವುದು, ಕೈಯನ್ನು ಒದ್ದೆಮಾಡಿಕೊಂಡೇ ಮೀನನ್ನು ಮುಟ್ಟುವುದು, ಕೂಡಲೇ ಬಿಡುವುದು, ವಸಂತಕಾಲದಲ್ಲಿ ಗಂಡು ಬಾಸು ದಡದ ಬಳಿಯಲ್ಲಿ ಗೂಡುಮಾಡಿ ಮೊಟ್ಟೆಮರಿಗಳನ್ನು ಕಾಯುವಾಗ ಅದರ ತಂಟೆಗೆ ಹೋಗದಿರುವುದು, ಈ ನಾಲ್ಕು ನಿಯಮಗಳನ್ನು ಅವನೇ ಒಪ್ಪಿ ಒಂದು ಹಾಳೆಯಲ್ಲಿ ಬರೆದನು. ಗಂಡುಮೀನು ಮಕ್ಕಳನ್ನು ಕಾಯುವುದೆಂದು ಕೇಳಿ ನನ್ನ ಮನೆಯವಳ ಮುಖವು ಸ್ವಲ್ಪ ಸಡಿಲವಾಯಿತು. ಪೂರ್ಣವಾಗಿ ಒಪ್ಪಿದಳೆಂದು ನಾನು ಹೇಳಲಾರೆ.

ಪ್ರಸಂಗವಶಾತ್ ಇನ್ನೊಂದು ಮಾತು. ಈ ಮೀನನ್ನು ೧೯೨೫ರಲ್ಲಿ ಜಪಾನಿನ ಆಶಿ ಸರೋವರಕ್ಕೆ ತಂದುಬಿಟ್ಟರು. ಅಲ್ಲಿಂದ ಅದು ದೇಶದಲ್ಲೆಲ್ಲ ಹಬ್ಬಿ ನಾಡಿನ ಚಿಕ್ಕ ಮೀನುಗಳನ್ನು ನುಂಗುತ್ತ ಬಂದುದರಿಂದ ಅಲ್ಲಿನ ಸರಕಾರವು ಅದನ್ನು ಕೇಡುಮಾಡುವ ಹೊರದೇಶದ ಜಾತಿಗಳಲ್ಲಿ ಸೇರಿಸಿದೆ. ೧೯೩೨ರಲ್ಲಿ ಜಾರ್ಜಿಯ ಪ್ರಾಂತದಲ್ಲಿ ಸಿಕ್ಕ ೨೨ ಪೌಂಡು ೪ ಔನ್ಸಿನ ಬಾಸಿಗೆ ಸರಿಸಮನಾದುದು ೨೦೦೯ರಲ್ಲಿ ಸಿಕ್ಕಿದುದು ಜಪಾನಿನ ಬಿವಾ ಸರೋವರದಲ್ಲಿಯೇ. ಪರದೇಶದ ಆಟವು ರುಚಿಸಿತೆಂದು ಆ ಮೀನನ್ನೂ ನಮ್ಮ ತುಂಗಭದ್ರೆಗಳಿಗೆ ತರಲು ಯಾರೂ ಯೋಚಿಸದಿರಲಿ. ಕಲಿಯಬೇಕಾದುದು ಕೈಯ ವಿದ್ಯೆಯನ್ನು ಮಾತ್ರ.

ನಾವು ಊರಿಗೆ ಹಿಂದಿರುಗುವುದಕ್ಕೆ ಹತ್ತು ದಿನ ಮೊದಲು ಲೇಡಿ ಬರ್ಡ್ ಕೆರೆಯ ದಡದಲ್ಲಿ ಅವನಿಗೆ ಮೊದಲನೆಯ ಬಾಸು ಸಿಕ್ಕಿತು. 'ಅಂಗೈಯಗಲ'ಕ್ಕಿಂತ ಸ್ವಲ್ಪ ಉದ್ದ, ಅಷ್ಟೆ. ಅವನು ಕೂಗಾಡಲಿಲ್ಲ. ಕೈಯನ್ನು ನೀರಿನಲ್ಲಿ ಅದ್ದಿ, ಮೀನಿನ ಕೆಳದವಡೆಯನ್ನು ಹಿಡಿದು, ಕೊಕ್ಕೆಯನ್ನು ತೆಗೆದು, ನೀರಿನೊಳಗೆ ಅದನ್ನು ಅದು ತಾನಾಗಿ ಬಾಲವನ್ನಾಡಿಸುವವರೆಗೆ ಹಿಡಿದಿದ್ದು ಬಿಟ್ಟನು. ಆಗ ಅವನ ಬಲಗೈಯ ಹೆಬ್ಬೆರಳನ್ನು ನೋಡಿದೆನು. ಉರುಳೆಯ ಮೇಲೆ ನೂಲು ಉಜ್ಜಿ ಉಜ್ಜಿ ಅದರ ಒಂದು ಮಗ್ಗುಲಿನ ಚರ್ಮವು ನುಣ್ಣಗೆ ಗಡುಸಾಗಿತ್ತು. ದ್ರೋಣರು ಏಕಲವ್ಯನಿಂದ ದಕ್ಷಿಣೆಯಾಗಿ ಕೇಳಿದುದು ಆ ಬೆರಳನ್ನೇ. ಅದನ್ನು ಕೊಟ್ಟ ಮೇಲೆಯೂ ಅವನು ಬಾಣವನ್ನು ಬಿಟ್ಟನು, ಆದರೆ ಕೈಯಲ್ಲಿ ಮೊದಲಿನ ಚುರುಕಿರಲಿಲ್ಲವೆಂದು ಭಾರತದಲ್ಲಿದೆ. ಕಲಿಸುವವರಾದ ನಾವು ಮಕ್ಕಳ ಹೆಬ್ಬೆರಳನ್ನು ಎರಡು ಬಗೆಯಲ್ಲಿ ಕಸಿದುಕೊಳ್ಳಬಹುದು. ಶಕ್ತಿಗೆ ಮೀರಿದುದನ್ನು ಕೊಟ್ಟು ಕೈಸೋಲುವಂತೆ ಮಾಡುವುದು ಒಂದು. ಎಲ್ಲವನ್ನೂ ಯಂತ್ರವೇ ಮಾಡುವಂತೆ ಕೊಟ್ಟು ಬೆರಳಿಗೆ ಕೆಲಸವೇ ಇಲ್ಲದಂತೆ ಮಾಡುವುದು ಇನ್ನೊಂದು. ಇವೆರಡರ ನಡುವೆ ಒಂದೊಂದೇ ಅಂಕಿ ಇಳಿಸಲು ಬರುವ ದಾರಿಯನ್ನು ಹುಡುಕಿಕೊಡುವುದೇ ಆಯ್ಕೆಯೆನ್ನಿಸಿಕೊಳ್ಳುವುದು.

ಹೋದ ತಿಂಗಳು ಬಂದ ಕಾಗದದಲ್ಲಿ ಮಗನು ಬರೆದ ಸುದ್ದಿಯ ಕೆಳಗೆ ಹುಡುಗನು ತನ್ನ ಕೈಯಿಂದಲೇ ಕನ್ನಡದಲ್ಲಿ ಎರಡು ಸಾಲು ಬರೆದಿದ್ದಾನೆ. ಬಿಲ್ಲೆಯು ನಾಲ್ಕಕ್ಕೆ ಇಳಿದಿದೆಯಂತೆ. ‘ಹೆಬ್ಬೆರಳು’ ಎಂಬ ಮಾತಿನಲ್ಲಿ ಬಕಾರದ ಒತ್ತು ಸರಿಯಾಗಿಯೇ ಬಿದ್ದಿದೆ.